ಮಸ್ಕಿ ಹುಡುಗಿಯರ ಖೋಖೋ: ತೊಡಕು ಕಾಲಡಿಯಲ್ಲಿ

2025ರ ಜನವರಿ 19ರಂದು ದೆಹಲಿಯಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78-40ರಿಂದ ಸೋಲಿಸಿ ಮೊದಲ ಖೋಖೋ ವಿಶ್ವಕಪ್ ಗೆದ್ದರು. ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಹುಡುಗಿಗೂ ದಾರಿಯಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ರಾಯಚೂರು ಜಿಲ್ಲೆಯ ಮಸ್ಕಿ ಭಾಗದ ಕಾಲೇಜು ತಂಡಗಳಿಗೆ ಮುಂದಿನ ಋತು ಹೇಗಿದ್ದೀತು? ಓಟಕ್ಕೆ ಅಲ್ಲಿನ ಹುಡುಗಿಯರು ಹಿಂಜರಿಯುವವರಲ್ಲ. ತೊಡಕಿರುವುದು ನೆಲದಲ್ಲಿ. ವಿಶ್ವಕಪ್ ನಡೆದದ್ದು ಮ್ಯಾಟ್ ಮೇಲೆ; ಮಸ್ಕಿಯದು ಎರೆಮಣ್ಣು. ಮಳೆ ಬಿದ್ದರೆ ಕಾಲಿಗೆ ಮೆತ್ತುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. (ಜಂಬಿಟ್ಟಿಗೆ ನೆಲದ ನಮ್ಮ ಕರಾವಳಿಯವರಿಗೆ ಈ ಕಷ್ಟ ಅಷ್ಟಾಗಿ ತಿಳಿಯದು.) ಮಣ್ಣಿನಲ್ಲಿ ಕಲಿತ ತಿರುವು, ಡೈವ್ ಮ್ಯಾಟ್ ಮೇಲೆ ಬೇರೆಯೇ ಆಗಿಬಿಡುತ್ತವೆ. ಆದ್ದರಿಂದ ಪದಕದ ಲೆಕ್ಕ ಹಾಕುವ ಮೊದಲು, ಪಂದ್ಯಗಳಿಗೆ ತಿಂಗಳು ಮುಂಚೆಯಾದರೂ ತಾಲ್ಲೂಕಿಗೊಂದು ಮ್ಯಾಟ್ ಸಿಗುವುದೇ ಎಂದು ಕೇಳಬೇಕಾಗಿದೆ.