ಮನೆಯ ಕಾರಿಗೆ ಪಂದ್ಯದ ಟಯರು

ಮೈಸೂರಿನ ವಾಚಕ ಮಹಾಶಯರೊಬ್ಬರ ಪತ್ರವು ಈ ತಿಂಗಳ ಅಂಕಣಕ್ಕೆ ವಿಷಯವನ್ನು ಒದಗಿಸಿದೆ. ಅವರ ಮನೆಯಲ್ಲಿರುವುದು ಒಂದೇ ಕಾರು. ಅವರ ಚಿರಂಜೀವಿಯು ಕಚೇರಿಗೆ ಹೋಗಿಬರುವುದು ಅದರಲ್ಲಿ. ಸೊಸೆಯು ಮಕ್ಕಳನ್ನು ಶಾಲೆಗೆ ಬಿಡುವುದು ಅದರಲ್ಲಿ. ಹಬ್ಬಹರಿದಿನಗಳಲ್ಲಿ ಮನೆಮಂದಿಯೆಲ್ಲ ಊರಿಗೆ ಹೊರಡುವುದೂ ಅದರಲ್ಲಿಯೇ. ಈಗೊಂದು ವರ್ಷದಿಂದ ಆತನಿಗೆ ಮೋಟಾರು ಪಂದ್ಯದ ಹುಚ್ಚು ಹತ್ತಿದೆಯಂತೆ. ಎರಡು ಮೂರು ತಿಂಗಳಿಗೊಮ್ಮೆ ಅದೇ ಕಾರನ್ನು ಕೊಯಮತ್ತೂರಿನ ಬಳಿಯ ಟ್ರ್ಯಾಕಿಗೆ ಕೊಂಡೊಯ್ದು ಓಡಿಸಿಬರುತ್ತಾನೆ. ಇನ್ನು ಮುಂದೆ ಅದಕ್ಕೆ ಹೆಚ್ಚು ಹಿಡಿತದ ಟಯರುಗಳನ್ನು ಹಾಕಿಸಲೇಬೇಕೆಂದು ಹಟ ಹಿಡಿದಿದ್ದಾನೆ. ನಾಲ್ಕು ಟಯರುಗಳ ಬೆಲೆಯನ್ನು ಕೇಳಿ ತಂದೆಯವರು ತಬ್ಬಿಬ್ಬಾಗಿ, ಇದು ಆವಶ್ಯಕವೋ ಅಥವಾ ಅಪಾಯವೋ ತಿಳಿಸಬೇಕೆಂದು ನಮ್ಮನ್ನು ಕೇಳಿದ್ದಾರೆ.

ಹುಚ್ಚೆಂಬ ಮಾತು ಪತ್ರ ಬರೆದವರದು, ನಮ್ಮದಲ್ಲ. ಸಾರ್ವಜನಿಕ ರಸ್ತೆಯಲ್ಲಿ ಪೈಪೋಟಿಗೆ ಬಿದ್ದು ವಾಹನವನ್ನು ಓಡಿಸುವುದು ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೧೮೯ನೆಯ ಪ್ರಕರಣದ ಮೇರೆಗೆ ಅಪರಾಧ. ಅದನ್ನು ಬಿಟ್ಟು, ಬೇಲಿಯೊಳಗಿನ ಟ್ರ್ಯಾಕಿನಲ್ಲಿ, ಹೆಲ್ಮೆಟ್ಟು ಧರಿಸಿ, ಮೇಲ್ವಿಚಾರಕರ ಕಣ್ಣೆದುರಿನಲ್ಲಿ ಆ ಆಸೆಯನ್ನು ತೀರಿಸಿಕೊಳ್ಳುವ ತರುಣನನ್ನು ನಾವು ಮೆಚ್ಚುವೆವೇ ಹೊರತು ಹಳಿಯುವುದಿಲ್ಲ. ಗಾಳಿ ತುಂಬಿದ ಟಯರಿಗೂ ಪಂದ್ಯಕ್ಕೂ ಇರುವ ನಂಟು ಇಂದು ನಿನ್ನೆಯದೂ ಅಲ್ಲ. ೧೮೮೮ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯನಾದ ಜಾನ್ ಬಾಯ್ಡ್ ಡನ್ಲಪ್ ಎಂಬಾತನು ತನ್ನ ಮಗನ ಮೂರು ಚಕ್ರದ ಬೈಸಿಕಲ್ಲಿಗೆಂದು ಅಂಥ ಟಯರನ್ನು ಮಾಡಿದನು; ಮರುವರ್ಷವೇ ಅದೇ ಊರಿನ ಬೈಸಿಕಲ್ ಪಂದ್ಯಗಳಲ್ಲಿ ಅವನ ಟಯರುಗಳು ಗೆದ್ದು ಲೋಕದ ಕಣ್ಣಿಗೆ ಬಿದ್ದವು. ೧೮೯೫ರಲ್ಲಿ ಮಿಶೆಲಿನ್ ಸೋದರರು ಪ್ಯಾರಿಸಿನಿಂದ ಬೋರ್ಡೋವಿಗೆ ಹೋಗಿ ಮರಳುವ ಪಂದ್ಯದಲ್ಲಿ ಗಾಳಿಯ ಟಯರಿನ ಮೋಟಾರು ಗಾಡಿಯನ್ನು ಓಡಿಸಿದರು. ಮನೆಯ ಮಗುವಿಗಾಗಿ ಹುಟ್ಟಿದ ವಸ್ತುವು ಪಂದ್ಯದಲ್ಲಿ ಬೆಳೆದು ಮರಳಿ ಮನೆಗೆ ಬಂದಿದೆ ಎನ್ನಬಹುದು. ಆದರೆ ಪಂದ್ಯದ ಟಯರೂ ಮನೆಯ ಟಯರೂ ಈ ನಡುವೆ ಬೇರೆಬೇರೆ ಜಾತಿಗಳಾಗಿ ಕವಲೊಡೆದಿವೆ. ನಮ್ಮ ತೊಡಕಿಗೆ ಮೂಲವೇ ಇದು.

ಹಿಡಿತವೆಂದರೇನು? ಒಂದು ಸಾವಿರ ಕಿಲೋಗ್ರಾಮಿಗೆ ಮೇಲ್ಪಟ್ಟ ತೂಕದ ಕಾರು ನೆಲವನ್ನು ಮುಟ್ಟುವುದು ಚಕ್ರಕ್ಕೊಂದರಂತೆ ನಾಲ್ಕು ಕಡೆ ಮಾತ್ರ. ಆ ಒಂದೊಂದು ಜಾಗವೂ ಹೆಚ್ಚುಕಡಮೆ ಅಂಗೈಯಷ್ಟಗಲ. ತಿರುಗುವುದು, ನಿಲ್ಲುವುದು, ಮುಂದಕ್ಕೆ ನೆಗೆಯುವುದು ಎಲ್ಲವೂ ಈ ನಾಲ್ಕು ಅಂಗೈಗಳ ಬಲದಿಂದ ನಡೆಯತಕ್ಕದ್ದು. ರಬ್ಬರು ಮೆತ್ತಗಿದ್ದಷ್ಟೂ ರಸ್ತೆಯ ಕಣ್ಣಿಗೆ ಕಾಣದ ಉಬ್ಬುತಗ್ಗುಗಳೊಳಕ್ಕೆ ಇಳಿದು ಕಚ್ಚಿಕೊಳ್ಳುವುದು. ಆದುದರಿಂದ ಪಂದ್ಯದ ಟಯರನ್ನು ಮೆತ್ತನೆಯ ರಬ್ಬರಿನಿಂದ ಮಾಡುವರು. ಅದರ ಮೈಮೇಲಿನ ತೋಡುಗಳನ್ನೂ ಕಡಮೆ ಮಾಡುವರು. ತೋಡು ಕಡಮೆಯಾದಷ್ಟೂ ನೆಲವನ್ನು ಮುಟ್ಟುವ ರಬ್ಬರು ಹೆಚ್ಚು. ಸಾಧಾರಣ ಹೊಸ ಟಯರಿನಲ್ಲಿ ತೋಡಿನ ಆಳವು ಸುಮಾರು ೮ ಮಿಲಿಮೀಟರು ಇದ್ದರೆ ಇಂಥವುಗಳಲ್ಲಿ ೫ರಿಂದ ೬ ಮಿಲಿಮೀಟರು ಮಾತ್ರ.

ಈ ಮೆತ್ತನೆಯ ರಬ್ಬರಿಗೆ ಒಂದು ಸ್ವಭಾವವುಂಟು. ಅದು ಕಾದಾಗ ಮಾತ್ರ ತನ್ನ ಪೂರ್ಣ ಗುಣವನ್ನು ತೋರಿಸುವುದು. ಟ್ರ್ಯಾಕಿನಲ್ಲಿ ಒಂದೆರಡು ಸುತ್ತು ಬಿರುಸಾಗಿ ಓಡಿದ ಮೇಲೆ ೭೦–೯೦ ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಯಾಗಿ ಅಂಟಿನಂತೆ ಕಚ್ಚುವ ಟಯರು, ಮಕ್ಕಳನ್ನು ಶಾಲೆಗೆ ಬಿಡಲು ಹೊರಟ ಕಾರಿನಲ್ಲಿ ಆ ಬಿಸಿಯ ಹತ್ತಿರಕ್ಕೂ ಬಾರದು. ಕೊಟ್ಟ ಹಣವು ಆರು ದಿನ ನಿದ್ರಿಸಿ ಏಳನೆಯ ದಿನ ಎಚ್ಚರಗೊಂಡಂತೆ! ಅಷ್ಟೇ ಅಲ್ಲ, ಕಾದು ಆರಿದ ಪ್ರತಿಯೊಂದು ಸಲವೂ ರಬ್ಬರು ಸ್ವಲ್ಪ ಸ್ವಲ್ಪವಾಗಿ ಗಡುಸಾಗುತ್ತ ಹೋಗುವುದು. ತೋಡು ಇನ್ನೂ ಉಳಿದಿದ್ದರೂ ಹಿಡಿತವು ಹೋಗಿರುವ ಟಯರುಗಳು ಹೀಗೆಯೇ ಆಗುತ್ತವೆ. ಹೊರಗಿನಿಂದ ನೋಡಿದವರಿಗೆ ಅದು ತಿಳಿಯದು.

ಟಯರಿನ ಪಕ್ಕದ ಮೇಲೆ ಮೂಡಿಸಿರುವ ಅಂಕಿಗಳನ್ನು ಓದಲು ಬಂದರೆ ಅಂಗಡಿಯವನ ಮಾತಿಗೆ ಮರುಳಾಗುವ ಭಯವು ಅರ್ಧ ಕಡಮೆಯಾಗುವುದು. ‘೧೯೫/೫೫ ಆರ್ ೧೬ ೮೭ ವಿ’ ಎಂದಿದೆಯೆನ್ನೋಣ. ಅಗಲ ೧೯೫ ಮಿಲಿಮೀಟರು. ಪಕ್ಕದ ಎತ್ತರವು ಆ ಅಗಲದ ನೂರಕ್ಕೆ ೫೫ ಪಾಲು. ‘ಆರ್’ ಎಂದರೆ ರೇಡಿಯಲ್. ಚಕ್ರದ ಅಡ್ಡಳತೆ ೧೬ ಅಂಗುಲ. ೮೭ ಎಂಬುದು ಒಂದು ಟಯರು ೫೪೫ ಕಿಲೋಗ್ರಾಮು ಹೊರಬಲ್ಲುದೆಂಬುದರ ಗುರುತು. ‘ವಿ’ ಎಂದರೆ ಗಂಟೆಗೆ ೨೪೦ ಕಿ.ಮೀ. ವೇಗಕ್ಕೆ ತಕ್ಕುದು. ಭಾರದ ಅಂಕಿಯನ್ನು ಕಾರು ತಯಾರಿಸಿದವರು ಹೇಳಿದುದಕ್ಕಿಂತ ಇಳಿಸಲೇಕೂಡದು. ಇವಲ್ಲದೆ ನಾಲ್ಕು ಅಂಕಿಗಳ ಮತ್ತೊಂದು ಗುರುತಿರುವುದು: ‘೨೩೨೪’ ಎಂದಿದ್ದರೆ ಅದು ೨೦೨೪ನೆಯ ಇಸವಿಯ ೨೩ನೆಯ ವಾರದಲ್ಲಿ ತಯಾರಾದುದು. ಅಪರೂಪದ ಟಯರುಗಳು ಅಂಗಡಿಯ ಮೂಲೆಯಲ್ಲಿ ವರ್ಷಗಟ್ಟಲೆ ಕುಳಿತಿರುವುದುಂಟಾದ್ದರಿಂದ ಇದನ್ನು ನೋಡದೆ ಹಣವನ್ನು ಎಣಿಸಬಾರದು.

ಅಮೆರಿಕೆಯ ಸರ್ಕಾರದ ಕ್ರಮದಂತೆ ಸವೆತದ ಅಂಕಿಯೊಂದನ್ನೂ ಹಲವು ಟಯರುಗಳ ಮೇಲೆ ಕಾಣಬಹುದು. ಟೆಕ್ಸಾಸ್ ಪ್ರಾಂತದ ಗೊತ್ತಾದ ಹಾದಿಯಲ್ಲಿ ೭,೨೦೦ ಮೈಲಿ ಓಡಿಸಿ, ನೂರು ಅಂಕಿಯ ಮಾದರಿ ಟಯರಿನೊಡನೆ ಹೋಲಿಸಿ ಇದನ್ನು ನಿಗದಿ ಮಾಡುವರು. ಅಂಕಿ ಕಡಮೆಯಾದಷ್ಟೂ ರಬ್ಬರು ಬೇಗ ಸವೆಯುವುದು. ಸಾಮಾನ್ಯವಾಗಿ ಹಿಡಿತವು ಹೆಚ್ಚಿರುವುದು. ಆದರೆ ಅಂಕಿಯನ್ನು ಕೊಟ್ಟುಕೊಳ್ಳುವವರು ತಯಾರಕರೇ ಎಂಬುದನ್ನು ಮರೆಯಬಾರದು. ಆ ದೇಶದ ಹವ್ಯಾಸಿ ಪಂದ್ಯಗಳ ಹಲವು ವರ್ಗಗಳಲ್ಲಿ ೨೦೦ಕ್ಕೆ ಕಡಮೆಯ ಟಯರು ಕೂಡದೆಂಬ ನಿಯಮ ಬಂದುದರಿಂದ, ಸರಿಯಾಗಿ ೨೦೦ ಎಂದು ಬರೆದುಕೊಂಡ, ಆದರೆ ಪಂದ್ಯಕ್ಕೆಂದೇ ಹುಟ್ಟಿದ ಟಯರುಗಳ ಒಂದು ಕುಲವೇ ಬೆಳೆದಿದೆ. ಯೋಕೋಹಾಮಾದವರ ಅಡ್ವಾನ್ ಎ೦೫೨, ಬ್ರಿಜ್‌ಸ್ಟೋನಿನವರ ಪೊಟೆಂಜಾ ಆರ್‌ಇ-೭೧ಆರ್‌ಎಸ್ ಈ ಕುಲದವು. ಮಿಶೆಲಿನ್ನಿನವರ ಪೈಲಟ್ ಸ್ಪೋರ್ಟ್ ಕಪ್ ೨ರ ಅಂಕಿ ೧೮೦. ಅವರದೇ ಆದ ಪೈಲಟ್ ಸ್ಪೋರ್ಟ್ ೪ಎಸ್‌ನ ಅಂಕಿ ೩೦೦. ಈ ಕೊನೆಯದರಂಥವು ರಸ್ತೆಗೆಂದೇ ಮಾಡಿದ, ಆದರೆ ಚುರುಕಾದ ಟಯರುಗಳು. ಟ್ರ್ಯಾಕಿನಲ್ಲಿಯೂ ತಕ್ಕಮಟ್ಟಿಗೆ ಮಾನ ಉಳಿಸುವುವು.

ಇನ್ನು ನೀರಿನ ಮಾತು. ನಮ್ಮ ಅಭಿಪ್ರಾಯದಲ್ಲಿ ತಂದೆಯವರು ಬೆಲೆಗಿಂತಲೂ ಹೆಚ್ಚಾಗಿ ಯೋಚಿಸಬೇಕಾದುದು ಇದನ್ನೇ. ತೋಡುಗಳಿರುವುದು ಅಂದಕ್ಕಲ್ಲ, ಮಳೆಯ ನೀರನ್ನು ಚಕ್ರದಡಿಯಿಂದ ಹೊರಕ್ಕೆ ಹಾಯಿಸುವುದಕ್ಕೆ. ತೋಡು ಸವೆದಿದ್ದು, ನಿಂತ ನೀರಿನ ಮೇಲೆ ವೇಗವಾಗಿ ಹೋದರೆ ಟಯರು ನೆಲವನ್ನು ಬಿಟ್ಟು ದೋಣಿಯಂತೆ ತೇಲತೊಡಗುವುದು. ಆಗ ಸ್ಟೀರಿಂಗನ್ನು ಎತ್ತ ತಿರುಗಿಸಿದರೂ, ಬ್ರೇಕನ್ನು ಎಷ್ಟು ತುಳಿದರೂ ಪ್ರಯೋಜನವಿಲ್ಲ. ಅಮೆರಿಕೆಯ ನಾಸಾ ಸಂಸ್ಥೆಯವರು ೧೯೬೦ರ ದಶಕದಲ್ಲಿ ವಿಮಾನದ ಚಕ್ರಗಳನ್ನು ಪರೀಕ್ಷಿಸಿ, ಹೀಗೆ ತೇಲುವ ವೇಗವು ಟಯರಿನೊಳಗಿನ ಗಾಳಿಯ ಒತ್ತಡವನ್ನು ಅವಲಂಬಿಸಿದೆಯೆಂದು ತೋರಿಸಿದರು. ಅವರ ಲೆಕ್ಕದಂತೆ ಚದರಂಗುಲಕ್ಕೆ ೩೨ ಪೌಂಡು ಗಾಳಿಯಿದ್ದರೆ ಸುಮಾರು ೯೪ ಕಿ.ಮೀ. ವೇಗದಲ್ಲಿ ತೇಲುವ ಭಯ. ೨೫ ಪೌಂಡಿಗೆ ಇಳಿದಿದ್ದರೆ ೮೩ ಕಿ.ಮೀ. ವೇಗದಲ್ಲಿಯೇ.

ಈ ಎರಡನೆಯ ಅಂಕಿಯನ್ನು ಸುಮ್ಮನೆ ಹೇಳಿದುದಲ್ಲ. ಟ್ರ್ಯಾಕಿನಲ್ಲಿ ಟಯರು ಕಾದಂತೆ ಒಳಗಿನ ಗಾಳಿಯು ಹಿಗ್ಗಿ ಒತ್ತಡವು ಏಳೆಂಟು ಪೌಂಡು ಏರುವುದು. ಏರಿದ ಒತ್ತಡದಿಂದ ಹಿಡಿತ ಕೆಡುವುದೆಂದು ಸವಾರರು ನಡುನಡುವೆ ಗಾಳಿಯನ್ನು ಬಿಟ್ಟು, ಬಿಸಿ ಟಯರಿನಲ್ಲಿ ೩೨ಕ್ಕೆ ತರುವರು. ಅದು ಸರಿಯಾದ ಕ್ರಮವೇ. ಆದರೆ ಸಂಜೆ ಟಯರು ಆರಿದ ಮೇಲೆ ಉಳಿಯುವುದು ಹೆಚ್ಚುಕಡಮೆ ೨೫ ಪೌಂಡು. ದಿನವೆಲ್ಲ ಓಡಿ ದಣಿದು, ಗೆಳೆಯರೊಡನೆ ಹರಟುತ್ತ, ಗಾಳಿ ತುಂಬಿಸುವುದನ್ನು ಮರೆತು ಹೊರಟರೆ ಏನಾಗುವುದೆಂದು ಊಹಿಸಬಹುದು.

ನಮ್ಮ ವಾಚಕರ ಮನೆಯಿಂದ ಕೊಯಮತ್ತೂರಿನ ಬಳಿ ಚೆಟ್ಟಿಪಾಳ್ಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇಗೆ ಚಾಮರಾಜನಗರ, ಸತ್ಯಮಂಗಲದ ಮಾರ್ಗವಾಗಿ ಸುಮಾರು ೨೦೦ ಕಿ.ಮೀ. ಟ್ರ್ಯಾಕಿನ ಒಂದು ಸುತ್ತು ೨.೧ ಕಿ.ಮೀ. ಮಾತ್ರ. ಮೂವತ್ತು ಸುತ್ತು ಓಡಿದರೂ ಅರವತ್ತಮೂರು ಕಿ.ಮೀ. ಆಯಿತು, ಹೋಗಿಬರುವ ಹಾದಿಯೇ ಅದರ ಆರು ಪಾಲಿಗಿಂತ ಹೆಚ್ಚು! ಆ ಹಾದಿಯಲ್ಲಿ ದಿಂಬಂ ಘಟ್ಟದ ೨೭ ಹೇರ್‌ಪಿನ್ ತಿರುವುಗಳಿವೆ, ಎದುರಿನಿಂದ ಲಾರಿಗಳು ಬರುತ್ತವೆ, ಕಾಡಿನಂಚಿನಲ್ಲಿ ಆನೆ ಜಿಂಕೆಗಳು ಅಡ್ಡ ಬರುವುದೂ ಉಂಟು. ಬೆಂಗಳೂರಿನಿಂದ ಶ್ರೀಪೆರುಂಬುದೂರಿನ ಸಮೀಪದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಹೋಗುವವರ ಪಾಡೂ ಇದಕ್ಕಿಂತ ಲೇಸಲ್ಲ. ಅಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಮಳೆ. ಬೆಳಗ್ಗೆ ಹೊಸದಾಗಿದ್ದ ಟಯರಿನ ತೋಡು ಸಂಜೆಗೆ ತಕ್ಕಷ್ಟು ಸವೆದಿರುತ್ತದೆ, ಹೊತ್ತು ಮುಳುಗಿರುತ್ತದೆ, ಮಳೆಯೂ ಹಿಡಿದಿರುತ್ತದೆ. ಆದುದರಿಂದ, ಟಯರನ್ನು ಟ್ರ್ಯಾಕಿನ ಅತ್ಯುತ್ತಮ ಸುತ್ತಿಗಾಗಿ ಆರಿಸುವುದಲ್ಲ, ಮನೆಗೆ ಮರಳುವ ಅತ್ಯಂತ ಕೆಟ್ಟ ರಾತ್ರಿಗಾಗಿ ಆರಿಸತಕ್ಕದ್ದೆಂದು ನಾವು ಹೇಳುವುದು.

ಹಾಗಾದರೆ ಮಾಡಬೇಕಾದುದೇನು? ಅನುಕೂಲವಿದ್ದವರಿಗೆ ಎರಡು ಜೊತೆ ಚಕ್ರಗಳೇ ಉತ್ತಮ. ಪಂದ್ಯದ ಟಯರುಗಳನ್ನು ಬೇರೆ ನಾಲ್ಕು ರಿಮ್ಮುಗಳಿಗೆ ಹಾಕಿಸಿ, ಹಿಂದಿನ ಸೀಟನ್ನು ಮಡಿಸಿ ಕಾರಿನಲ್ಲಿಯೇ ಕೊಂಡೊಯ್ಯಬಹುದು. ಅಲ್ಲಿ ಜ್ಯಾಕಿಟ್ಟು ಬದಲಾಯಿಸಲು ಮುಕ್ಕಾಲು ಗಂಟೆ ಸಾಕು. ಮೊದಲಿಗೆ ಖರ್ಚು ಹೆಚ್ಚೆಂದು ತೋರಿದರೂ, ಬೇಗ ಸವೆಯುವ ದುಬಾರಿ ರಬ್ಬರನ್ನು ಕಚೇರಿಯ ದಾರಿಯಲ್ಲಿ ತೇಯುವುದು ತಪ್ಪುವುದು. ಎರಡು ಜೊತೆಗೆ ಅನುಕೂಲವಿಲ್ಲದ ಮನೆಯಲ್ಲಿ, ಮಳೆಯಲ್ಲಿ ಒಳ್ಳೆಯ ಹೆಸರು ಪಡೆದ, ೩೦೦ರ ಆಸುಪಾಸಿನ ಅಂಕಿಯ ರಸ್ತೆಯ ಟಯರನ್ನೇ ಹಾಕಿಸಬೇಕು. ೨೦೦ರ ಕುಲವನ್ನು ಒಂದೇ ಕಾರಿನ ಮನೆಗೆ ತರುವುದು ನಮಗೆ ಒಪ್ಪಿಗೆಯಿಲ್ಲ. ಅವುಗಳಲ್ಲಿ ಕೆಲವು ಹೊಸದಾಗಿದ್ದಾಗ ಮಳೆಯಲ್ಲಿಯೂ ಚೆನ್ನಾಗಿ ನಿಲ್ಲುವುವೆಂಬುದು ನಿಜ. ಅರ್ಧ ಸವೆದಾಗ ಆ ಮಾತು ಹೇಳಲಾಗದು. ತೋಡಿನೊಳಗಿನ ಸವೆತದ ಗುರುತು ೧.೬ ಮಿಲಿಮೀಟರಿಗೆ ಇರುತ್ತದಾದರೂ, ಮಳೆಗಾಲಕ್ಕೆ ೩ ಮಿಲಿಮೀಟರನ್ನೇ ಕೊನೆಯೆಂದು ಭಾವಿಸುವುದು ಕ್ಷೇಮ.

ಚಿರಂಜೀವಿಗೆ ಕಹಿಯಾಗಬಹುದಾದ ಒಂದು ಮಾತನ್ನೂ ಹೇಳಬೇಕಾಗಿದೆ. ಒಂದು ವರ್ಷದ ಅನುಭವವುಳ್ಳವನಿಗೆ ಸಾಧಾರಣ ಟಯರೇ ಒಳ್ಳೆಯ ಗುರು. ಅದು ಹಿಡಿತ ತಪ್ಪುವ ಮೊದಲೇ ಕಿರುಚಿ ಎಚ್ಚರಿಸುವುದು, ಮೆಲ್ಲನೆ ಜಾರುವುದು, ಕಡಮೆ ವೇಗದಲ್ಲಿಯೇ ತಪ್ಪನ್ನು ತೋರಿಸುವುದು. ಹೆಚ್ಚು ಹಿಡಿತದ ಟಯರು ಸವಾರನ ತಪ್ಪುಗಳನ್ನು ಬಹಳ ಹೊತ್ತು ಮುಚ್ಚಿಟ್ಟು, ಕೈಬಿಡುವಾಗ ಹೆಚ್ಚಿನ ವೇಗದಲ್ಲಿ ಥಟ್ಟನೆ ಕೈಬಿಡುವುದು. ಟಯರಿಗೆಂದು ತೆಗೆದಿಟ್ಟ ಹಣದಲ್ಲಿ ಮೊದಲು ಬ್ರೇಕಿನ ಪ್ಯಾಡುಗಳನ್ನೂ ಬ್ರೇಕಿನ ಎಣ್ಣೆಯನ್ನೂ ಹೊಸದು ಮಾಡಿಸಲಿ. ಆ ಎಣ್ಣೆಯು ಕಾಲಕ್ರಮದಲ್ಲಿ ಗಾಳಿಯ ತೇವವನ್ನು ಹೀರಿ ಬೇಗ ಕುದಿಯುವಂತಾಗುವುದು. ಕುದಿದರೆ ಪೆಡಲು ಹೂವಿನಂತೆ ಮೆತ್ತಗಾಗಿ ನೆಲ ಮುಟ್ಟುವುದು. ಮಿಕ್ಕ ಹಣದಲ್ಲಿ ಬಲ್ಲವರಿಂದ ಒಂದು ದಿನದ ಪಾಠ ಹೇಳಿಸಿಕೊಳ್ಳಲಿ. ಟಯರಿನ ಯೋಗ್ಯತೆಯು ಸಾಲದೆಂದು ಗುರುವೇ ಹೇಳಿದ ದಿನ ಬದಲಾಯಿಸಿದರಾಯಿತು.

ವಿಮೆಯ ಕಾಗದವನ್ನು ತಂದೆಯವರು ಒಮ್ಮೆ ತೆಗೆದು ಓದಬೇಕು. ನಮ್ಮ ದೇಶದ ಸಾಮಾನ್ಯ ಮೋಟಾರು ಪಾಲಿಸಿಗಳಲ್ಲಿ ವ್ಯವಸ್ಥಿತ ಪಂದ್ಯ, ವೇಗಪರೀಕ್ಷೆ ಮೊದಲಾದ ಉಪಯೋಗಗಳನ್ನು ಹೊರಗಿಟ್ಟಿರುತ್ತಾರೆ. ಟ್ರ್ಯಾಕಿನಲ್ಲಿ ಗೋಡೆಗೆ ತಗುಲಿದ ಕಾರಿನ ವೆಚ್ಚವೆಲ್ಲ ಮನೆಯವರದೇ. ಸೋಮವಾರ ಶಾಲೆಗೆ ಬಿಡುವ ಕಾರೂ ಅದೇ ಎಂಬುದನ್ನು ತಂದೆ ಮಕ್ಕಳಿಬ್ಬರೂ ಕುಳಿತು ಮಾತನಾಡಿಕೊಳ್ಳುವುದು ಒಳ್ಳೆಯದು.

ಚಿರಂಜೀವಿಯು ಯಾವ ಟಯರನ್ನೇ ಹಾಕಿಸಲಿ, ಒಂದು ಗಾಳಿಯಳತೆಯ ಮಾಪಕವನ್ನೂ ಬ್ಯಾಟರಿಯಿಂದ ನಡೆಯುವ ಸಣ್ಣ ಪಂಪನ್ನೂ ಕಾರಿನಲ್ಲಿಟ್ಟುಕೊಳ್ಳಲಿ. ಮರಳಿ ಹೊರಡುವ ಮುನ್ನ, ಟಯರು ಆರಿದ ಮೇಲೆ, ಚಾಲಕನ ಬಾಗಿಲ ಬಳಿಯ ಫಲಕದಲ್ಲಿ ಬರೆದಿರುವ ಅಂಕಿಗೆ ನಾಲ್ಕೂ ಚಕ್ರಗಳ ಗಾಳಿಯನ್ನು ಸರಿಮಾಡಿ, ಟಯರಿನ ಹೊರ ಅಂಚನ್ನು ಕೈಯಿಂದ ಸವರಿ ನೋಡಲಿ; ಟ್ರ್ಯಾಕಿನ ತಿರುವುಗಳಲ್ಲಿ ಮೊದಲು ಸವೆಯುವುದು ಆ ಅಂಚೇ. ಒಳಗಿನ ನೂಲು ಕೈಗೆ ಸಿಕ್ಕಿದರೆ ಆ ರಾತ್ರಿ ಕೊಯಮತ್ತೂರಿನಲ್ಲಿಯೇ ತಂಗಿ, ಮರುದಿನ ಟಯರನ್ನು ಬದಲಾಯಿಸಿಕೊಂಡೇ ಘಟ್ಟವನ್ನು ಹತ್ತಲಿ.