ಏಣಿ ಇದೆ, ಹತ್ತಲು ಬಿಡೋರಿಲ್ಲ

ಹಳೇ ಬಸ್ ಸ್ಟ್ಯಾಂಡ್ ಹಿಂದಿನ ಮಹಡಿಯಲ್ಲಿ ನಡೆಯುವ ನಮ್ಮೂರ ಚೆಸ್ ಕ್ಲಬ್ಬಿನ ಗೋಡೆಗೆ ಒಂದು ಹಲಗೆ ಹೊಡೆದಿದ್ದಾರೆ. ಅದರಲ್ಲಿ ಇಪ್ಪತ್ತು ಮೊಳೆ, ಮೊಳೆಗೊಂದು ಹೆಸರಿನ ಚೀಟಿ. ತುದಿಯಲ್ಲಿ ನಂಬರ್ ಒನ್, ಬುಡದಲ್ಲಿ ನಿನ್ನೆ ಮೊನ್ನೆ ಸೇರಿದ ಹುಡುಗ. ಏಣಿ ಪಂದ್ಯ ಅಂದರೆ ಇದೇ. ಮೂರು ತಿಂಗಳಿಂದ ಮೇಲಿನ ನಾಲ್ಕು ಚೀಟಿ ಅಲುಗಾಡಿಲ್ಲ, ಧೂಳು ಕೂತಿದೆ. ಕೆಳಗಿನವರು ಮಾತ್ರ ತಮ್ಮತಮ್ಮಲ್ಲೇ ಹತ್ತಿ ಇಳಿದು ಸುಸ್ತಾಗಿದ್ದಾರೆ. ಬರುವ ಭಾನುವಾರ ಸಭೆ. ವಿಷಯ ಒಂದೇ: ಏಣಿ ಇರಬೇಕೋ, ಬಿಚ್ಚಿ ಹಾಕಬೇಕೋ?

ಗೊತ್ತಿಲ್ಲದವರಿಗೆ ಒಂದು ಮಾತು. ನಿಮಗಿಂತ ಮೂರು ಮೆಟ್ಟಿಲು ಮೇಲಿನವರ ತನಕ ಯಾರನ್ನು ಬೇಕಾದರೂ ‘ಬನ್ನಿ ಸ್ವಾಮಿ, ಒಂದು ಕೈ ನೋಡೋಣ’ ಅಂತ ಕರೆಯಬಹುದು. ಗೆದ್ದರೆ ಅವರ ಮೊಳೆ ನಿಮ್ಮದು. ಸೋತರೆ ಅಥವಾ ಡ್ರಾ ಆದರೆ ಎಲ್ಲರೂ ಇದ್ದಲ್ಲೇ. ಫೀಸಿಲ್ಲ, ಬಹುಮಾನವಿಲ್ಲ.

ನಮ್ಮಂಥ ಊರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಇಪ್ಪತ್ತು ಜನ ಎಲ್ಲರೂ ಎಲ್ಲರ ಜೊತೆ ಆಡಬೇಕೆಂದರೆ 190 ಆಟ. ದೊಡ್ಡ ಟೂರ್ನಮೆಂಟಿನ ಸ್ವಿಸ್ ಪದ್ಧತಿಯಲ್ಲಿ ಆಟ ಕಡಿಮೆ, ಆದರೆ ಸುತ್ತು ಸುತ್ತಿಗೂ ಎಲ್ಲರೂ ಒಟ್ಟಿಗೆ ಕೂರಬೇಕು. ಎಂಟೂವರೆಗೆ ಶಟರ್ ಎಳೆಯುವ ಕಿರಾಣಿಯವರು, ಕೊನೇ ಬಸ್ಸಿಗೆ ಓಡುವ ಗುಮಾಸ್ತರು ಒಟ್ಟಿಗೆ ಕೂರೋದು ಯಾವಾಗ? ಏಣಿಗೆ ಇಬ್ಬರು, ಒಂದು ಬೋರ್ಡು ಸಾಕು. ಬಿಡುವಾದಾಗ ಆಡಿದರಾಯಿತು.

ಕೆಟ್ಟಿದ್ದೂ ಈ ‘ಬಿಡುವಾದಾಗ’ ಎಂಬ ಮಾತಿನಲ್ಲೇ. ಮೇಲಿನವರನ್ನು ಕರೆದರೆ ಈ ವಾರ ಮದುವೆ, ಮುಂದಿನ ವಾರ ಸ್ಟಾಕ್ ಬರ್ತದೆ, ಆಮೇಲೆ ಊರಹಬ್ಬ. ಅದೇ ಯಜಮಾನರು ದಿನಾ ಸಂಜೆ ಕೆಳಗಿನ ಟೀ ಅಂಗಡಿ ಬೆಂಚಿನ ಮೇಲೆ ಲೆಕ್ಕಕ್ಕಿಲ್ಲದ ಆಟ ಆಡುತ್ತಲೇ ಇರುತ್ತಾರೆ. ಟೈಮಿಲ್ಲ ಅನ್ನೋದು ಸುಳ್ಳು. ಮೊಳೆ ಬಿಡಲು ಮನಸ್ಸಿಲ್ಲ, ಅಷ್ಟೆ.

ಆದರೆ ತಪ್ಪೆಲ್ಲ ಅವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಕಾನೂನಿನಲ್ಲೂ ಹುಳುಕಿದೆ. ಈಗ ಏಳನೆಯವನು ನಾಲ್ಕನೆಯವರನ್ನು ಸೋಲಿಸಿದರೆ ಇಬ್ಬರೂ ಜಾಗ ಅದಲುಬದಲು. ಸೋತವರು ಒಂದೇ ಏಟಿಗೆ ಏಳಕ್ಕೆ ಬೀಳುತ್ತಾರೆ. ಎದುರಿನವನು ಸೋತರೆ ಅವನಿಗೆ ನಷ್ಟವೇ ಇಲ್ಲ. ಇಂಥ ವ್ಯಾಪಾರಕ್ಕೆ ಯಾರು ಕೂರುತ್ತಾರೆ? ಇದಕ್ಕೆ ಬೇರೆ ದಾರಿ ಇದೆ. ಗೆದ್ದವನು ನಾಲ್ಕಕ್ಕೆ ಹೋಗಲಿ. ನಾಲ್ಕು ಐದಾಗಲಿ, ಐದು ಆರಾಗಲಿ, ಆರು ಏಳಾಗಲಿ. ಎಲ್ಲರೂ ಒಂದೊಂದೇ ಮೆಟ್ಟಿಲು ಇಳಿದರೆ ಸೋತವರ ಮರ್ಯಾದೆಯೂ ಉಳಿಯಿತು. ‘ಆಡದ ನಾವೇಕೆ ಇಳಿಯಬೇಕು?’ ಅಂತ ನಡುವಿನವರು ಕೇಳಬಹುದು. ಆಡದೇ ಇದ್ದದ್ದಕ್ಕೇ ಅನ್ನೋದೇ ಉತ್ತರ. ಮರುದಿನ ಅವರೂ ಕರೆದು ಆಡಬಹುದಲ್ಲ!

ಇದರ ಜೊತೆಗೆ ಗಡುವು ಬೇಕು. ಕರೆದ ಹತ್ತು ದಿನದೊಳಗೆ ಆಡದಿದ್ದರೆ ಸೋತಂತೆ ಲೆಕ್ಕ. ಕಾಯಿಲೆ, ಪ್ರಯಾಣ ಇದ್ದವರು ಮೊದಲೇ ಬರೆದುಕೊಡಲಿ, ಅಷ್ಟು ದಿನ ರಿಯಾಯಿತಿ. ಸೋತವನು ಅದೇ ಮನುಷ್ಯನನ್ನು ಹದಿನೈದು ದಿನ ಪೀಡಿಸಬಾರದು. ಬಿಳಿ ಕಾಯಿ ಯಾರಿಗೆಂದು ಚೀಟಿ ಎತ್ತಲಿ.

‘ಸ್ನೇಹದ ಆಟಕ್ಕೆ ಇಷ್ಟೊಂದು ಕಾನೂನು ಯಾಕ್ರೀ?’ ಎಂದು ಹಿರಿಯ ಸದಸ್ಯರೊಬ್ಬರು ಗದರಿದರು. ಅಂಗಡಿಯವರನ್ನು ಕೇಳಿ ಯಜಮಾನರೇ. ಸ್ನೇಹ ಕೆಡುವುದು ಖಾತೆ ಬರೆದಾಗಲ್ಲ, ಬರೆಯದೆ ಕೊಟ್ಟಾಗ. ಗಡುವು ಇಲ್ಲದಿದ್ದರೆ ‘ಈಗಾಗಲ್ಲ’ ಎಂಬ ಮಾತು ನೇರ ಮುಖಕ್ಕೆ ಹೊಡೆದಂತೆ ಆಗ್ತದೆ. ಅಂತರರಾಷ್ಟ್ರೀಯ ಚೆಸ್ ಫೆಡರೇಷನ್ನೇ ಒಂದು ವರ್ಷ ರೇಟಿಂಗ್ ಆಟ ಆಡದವರನ್ನು ‘ನಿಷ್ಕ್ರಿಯ’ ಅಂತ ಗುರುತು ಹಾಕುತ್ತದೆ. ನಮ್ಮ ಹಲಗೆ ಅದಕ್ಕಿಂತ ದೊಡ್ಡದೇ?

ಆನಂದ್ 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ನಮ್ಮ ರಾಜ್ಯಕ್ಕೆ ಆ ಪದವಿ ತರಲು ಮೈಸೂರಿನ ತೇಜ್‌ಕುಮಾರ್ 2017ರಲ್ಲಿ ಬರಬೇಕಾಯಿತು. ದೇಶದಲ್ಲಿ ಅವರು ಐವತ್ತನೆಯವರು. 2024ರ ಡಿಸೆಂಬರಿನಲ್ಲಿ ಹದಿನೆಂಟರ ಗುಕೇಶ್ ಸಿಂಗಾಪುರದಲ್ಲಿ ಜಗತ್ತನ್ನೇ ಗೆದ್ದ ಮೇಲೆ ನಮ್ಮ ಮಹಡಿ ಮೆಟ್ಟಿಲನ್ನೂ ಹುಡುಗರು ಹತ್ತಿದರು. ಅವರಲ್ಲೊಬ್ಬ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಪಿಯುಸಿ ಹುಡುಗ. ಎಂಟನೇ ಮೊಳೆಯಿಂದ ಐದಕ್ಕೆ ಏರಿದ. ನಾಲ್ಕನೆಯವರನ್ನು ಮೂರು ಸಲ ಕರೆದ, ಮೂರು ಸಲವೂ ‘ನೋಡೋಣ’. ಈಗ ಪ್ಲಾಟ್‌ಫಾರ್ಮಿನ ಕಲ್ಲು ಬೆಂಚಿನ ಮೇಲೆ ಕೂತು ಫೋನಿನಲ್ಲಿ ಆಡುತ್ತಾನೆ. ಕ್ಲಬ್ಬಿಗೆ ಯಾಕಪ್ಪಾ ಬರಲ್ಲ ಅಂದರೆ, ‘ಇದರಲ್ಲಿ ಯಾರೂ ಮದುವೆ ಇದೆ ಅನ್ನಲ್ಲ ಸಾರ್’ ಅಂದ.

ಅವನ ಚೀಟಿ ಇನ್ನೂ ಐದನೇ ಮೊಳೆಯಲ್ಲೇ ಇದೆ. ಭಾನುವಾರದ ಸಭೆಯವರು ಏಣಿ ಬಿಚ್ಚುವ ಮೊದಲು ಒಂದು ಬಟ್ಟೆ ತಂದು ಮೇಲಿನ ನಾಲ್ಕು ಮೊಳೆಯ ಧೂಳು ಒರೆಸಲಿ, ಆಮೇಲೆ ಬಸ್ ಸ್ಟ್ಯಾಂಡಿಗೆ ಯಾರನ್ನಾದರೂ ಕಳಿಸಿ ಆ ಹುಡುಗನನ್ನು ಕರೆಸಲಿ.