ರನ್ನನಿಗೆ ಗುರು ಗೌಣವೇ?

ಕವಿ ರನ್ನನನ್ನು ರೂಪಿಸಿದ್ದು ರಾಜಾಶ್ರಯ, ಗುರುವಿನ ಪಾತ್ರ ಗೌಣ ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಇದು ಕಾಲಕ್ರಮವನ್ನೇ ತಲೆಕೆಳಗು ಮಾಡುವ ಮಾತು. 949ರಲ್ಲಿ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದವನು ವಿದ್ಯೆಗಾಗಿ ಘಟಪ್ರಭೆಯ ಸೀಮೆ ಬಿಟ್ಟು ದೂರದ ಗಂಗನಾಡಿಗೆ ಹೋದ. ಅಲ್ಲಿ ಅಜಿತಸೇನಾಚಾರ್ಯರು ಅವನನ್ನು ಶಿಷ್ಯನಾಗಿ ಸ್ವೀಕರಿಸಿದರು. ಆಶ್ರಯವಿತ್ತ ಗಂಗರ ಮಂತ್ರಿ ಚಾವುಂಡರಾಯನೂ ಅದೇ ಗುರುವಿನ ಶಿಷ್ಯ! ಮಂತ್ರಿಗೂ ಬಳೆಗಾರರ ಮಗನಿಗೂ ಒಬ್ಬರೇ ಗುರು. ಇದನ್ನು ಲೇಖಕರು ಹೇಗೆ ಮರೆತರು? ಚಾಲುಕ್ಯ ತೈಲಪನ ಆಸ್ಥಾನ, 'ಕವಿಚಕ್ರವರ್ತಿ' ಬಿರುದು ಬಂದದ್ದು ಆಮೇಲೆ. ಪೋಷಕಿ ಅತ್ತಿಮಬ್ಬೆಯ ಔದಾರ್ಯ ದೊಡ್ಡದು, 993ರ 'ಅಜಿತಪುರಾಣ'ಕ್ಕೆ ಅವಳೇ ಪ್ರೇರಣೆ. ಆದರೆ ಪೋಷಕರು ಪೊರೆದದ್ದು ಗುರು ತಿದ್ದಿ ಕೊಟ್ಟ ಕವಿಯನ್ನು. ಮುಧೋಳದಲ್ಲಿ ರನ್ನನ ಉತ್ಸವ ನಡೆಸುವವರಲ್ಲಿ ವಿನಂತಿ: ಮುಂದಿನ ಸಲ ಒಂದು ವೇದಿಕೆಗಾದರೂ ಅಜಿತಸೇನಾಚಾರ್ಯರ ಹೆಸರಿಡಿ.